ಕಾಲ್ಚೆಂಡಾಟದ ಉಪಾಧ್ಯಾಯ ಸೈಯದ್ ಅಬ್ದುಲ್ ರಹೀಮರು

ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವಿತವನ್ನು ಕುರಿತು ಕೆಲವು ಪುಟಗಳನ್ನು ಬರೆಯುವ ವಾಡಿಕೆಯುಂಟು. ವೈದ್ಯರು, ದಾದಿಯರು, ಪಂಡಿತರು, ಕವಿಗಳು ಇವರ ಚರಿತ್ರೆಗಳನ್ನು ಬರೆಯುವುದು ಸುಲಭ. ಓದುವವರಿಗೂ ಅದು ಒಪ್ಪುವುದು. ಈ ಸಲ ನಾವು ಆರಿಸಿಕೊಂಡಿರುವುದು ಕಾಲ್ಚೆಂಡಾಟವನ್ನು ಕಲಿಸಿದ ಒಬ್ಬರನ್ನು. ಹೆಣ್ಣುಮಕ್ಕಳ ಪ್ರೌಢಶಾಲೆಗೂ ಫುಟ್‌ಬಾಲಿಗೂ ಏನು ಸಂಬಂಧವೆಂದು ಪೋಷಕರಲ್ಲಿ ಕೆಲವರು ಕೇಳಬಹುದು. ಸಂಬಂಧವುಂಟು. ಈ ಮಹನೀಯರು ಮೊದಲು ಶಾಲಾ ಉಪಾಧ್ಯಾಯರಾಗಿದ್ದರು. ಆಮೇಲೆ ಇಡೀ ದೇಶದ ತಂಡಕ್ಕೆ ಶಿಕ್ಷಕರಾದಾಗಲೂ ಅವರು ಅನುಸರಿಸಿದುದು ಶಾಲಾ ಉಪಾಧ್ಯಾಯರ ಕ್ರಮವನ್ನೇ. ತರಗತಿಯಲ್ಲಿ ಹಿಂದೆ ಬಿದ್ದ ಹುಡುಗಿಯನ್ನು ಮುಂದಕ್ಕೆ ತರುವುದು ಹೇಗೆಂಬ ಚಿಂತೆಯುಳ್ಳವರಿಗೆ ಇವರ ಜೀವಿತದಲ್ಲಿ ಕಲಿಯತಕ್ಕದ್ದು ಬಹಳವಿದೆಯೆಂದು ನಾವು ಬಲ್ಲೆವು.

ಸೈಯದ್ ಅಬ್ದುಲ್ ರಹೀಮರು 1909ನೆಯ ಇಸವಿ ಆಗಸ್ಟ್ ತಿಂಗಳು 17ನೆಯ ತಾರೀಖಿನಲ್ಲಿ ಹೈದರಾಬಾದಿನಲ್ಲಿ ಜನಿಸಿದರು. ಆಗ ಅದು ನಿಜಾಮರ ರಾಜಧಾನಿ. ನಮ್ಮ ಕನ್ನಡನಾಡಿನ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1956ರವರೆಗೂ ಆ ಸಂಸ್ಥಾನಕ್ಕೇ ಸೇರಿದ್ದುವು. ಆ ಕಡೆಯ ಕನ್ನಡಿಗ ಹುಡುಗರಿಗೆ ಮೇಲಿನ ವಿದ್ಯೆಗೆ ಹೈದರಾಬಾದೇ ದಾರಿ. ಅಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಇಂಗ್ಲಿಷನ್ನು ಬಿಟ್ಟು ದೇಶಭಾಷೆಯಾದ ಉರ್ದುವಿನಲ್ಲಿ ಪಾಠ ಹೇಳುವ ಸಾಹಸವನ್ನು ಕೈಕೊಂಡಿದ್ದಿತು. ರಹೀಮರು ಅಲ್ಲಿಯೇ ಓದಿ ಬಿ.ಎ. ಪದವಿಯನ್ನು ಪಡೆದರು, ವಿದ್ಯಾರ್ಥಿ ದೆಸೆಯಲ್ಲಿ ವಿಶ್ವವಿದ್ಯಾನಿಲಯದ ಪರವಾಗಿಯೂ, ತರುವಾಯ ಊರಿನ ಕಮರ್ ಕ್ಲಬ್ಬಿನ ಪರವಾಗಿಯೂ ಕಾಲ್ಚೆಂಡಾಟವಾಡಿದರು. ಆಟಗಾರರಾಗಿ ಅವರ ಹೆಸರು ಹೈದರಾಬಾದಿನ ಆಚೆ ಹೆಚ್ಚಾಗಿ ಹಬ್ಬಲಿಲ್ಲ.

ಪದವಿಯಾದ ಮೇಲೆ ಅವರು ಹಿಡಿದುದು ಉಪಾಧ್ಯಾಯ ವೃತ್ತಿಯನ್ನು. ಕಾಚಿಗುಡ ಮಿಡ್ಲ್ ಸ್ಕೂಲು, ಉರ್ದು ಷರೀಫ್ ಸ್ಕೂಲು, ದಾರುಲ್ ಉಲೂಮ್ ಹೈಸ್ಕೂಲು, ಚಾದರಘಾಟ್ ಹೈಸ್ಕೂಲು ಎಂಬ ನಾಲ್ಕು ಶಾಲೆಗಳಲ್ಲಿ ಅವರು ಕೆಲಸ ಮಾಡಿದರು. ನಡುವೆ ದೇಹಶಿಕ್ಷಣದ ಡಿಪ್ಲೊಮಾ ಪಡೆದು, ಕೊನೆಯ ಎರಡು ಶಾಲೆಗಳಲ್ಲಿ ಆಟಪಾಟಗಳ ಮೇಲ್ವಿಚಾರಣೆಯನ್ನೂ ವಹಿಸಿಕೊಂಡರು. ಆಗಿನ ಕಾಲದಲ್ಲಿ ಡ್ರಿಲ್ ಮೇಷ್ಟರೆಂದರೆ ಶಾಲೆಯ ಉಪಾಧ್ಯಾಯರ ಸಾಲಿನಲ್ಲಿ ಕೊನೆಯ ಕುರ್ಚಿ, ಬಿ.ಎ. ಪಾಸಾದವರು ಆ ಕುರ್ಚಿಯನ್ನು ತಾವಾಗಿಯೇ ಬಯಸಿ ಹೋಗುತ್ತಿದ್ದುದು ಅಪರೂಪ. ರಹೀಮರು ಬಯಸಿ ಹೋದರು. ಗಂಟೆ ಹೊಡೆದ ಮೇಲೆ ಬಯಲಿಗಿಳಿಯುವ ಹುಡುಗರಲ್ಲಿ, ಪುಸ್ತಕದ ಮುಂದೆ ಕಾಣದಿದ್ದ ಬುದ್ಧಿಯು ಚೆಂಡಿನ ಮುಂದೆ ಕಾಣುವುದುಂಟೆಂಬುದನ್ನು ಅವರು ಅಲ್ಲಿ ಕಂಡುಕೊಂಡಿರಬೇಕು. ಇದು ನಮ್ಮ ಊಹೆ. ಆದರೆ ಮುಂದೆ ಅವರು ನಡೆದುಕೊಂಡ ರೀತಿಯೆಲ್ಲವೂ ಈ ಊಹೆಗೆ ಬೆಂಬಲವಾಗಿದೆ.

1943ರಲ್ಲಿ ಅವರು ಹೈದರಾಬಾದು ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳಾದರು. ಸಾಯುವವರೆಗೂ, ಎಂದರೆ ಇಪ್ಪತ್ತು ವರ್ಷಕಾಲ, ಆ ಕೆಲಸ ಅವರ ಕೈಯಲ್ಲಿಯೇ ಇದ್ದಿತು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ನಡೆದ ಒಂದು ಪಂದ್ಯವನ್ನು ಇಲ್ಲಿ ಹೇಳಲೇಬೇಕು. ಯುದ್ಧದ ದಿನಗಳು. ಬೆಂಗಳೂರಿನ ದಂಡಿನಲ್ಲಿ ಬ್ರಿಟಿಷ್ ಸೈನಿಕರು ತುಂಬಿದ್ದರು. ಆಷ್ ಗೋಲ್ಡ್ ಕಪ್ಪಿನ ಕೊನೆಯ ಪಂದ್ಯದಲ್ಲಿ ಹೈದರಾಬಾದು ಸಿಟಿ ಪೊಲೀಸ್ ತಂಡವು ಬ್ರಿಟಿಷ್ ವಿಮಾನದಳದ ತಂಡವನ್ನು ಸೋಲಿಸಿತು. ಸೋತ ತಂಡದಲ್ಲಿ ಕ್ರಿಕೆಟ್ಟಿನಲ್ಲಿಯೂ ಫುಟ್‌ಬಾಲಿನಲ್ಲಿಯೂ ಇಂಗ್ಲೆಂಡಿನಲ್ಲೆಲ್ಲ ಹೆಸರುವಾಸಿಯಾಗಿದ್ದ ಡೆನಿಸ್ ಕಾಂಪ್ಟನರೂ ಇದ್ದರು. ದಖ್ಖನಿನ ಪೊಲೀಸ್ ಪೇದೆಗಳು ಅಂಥವರಿಂದ ಕಪ್ಪನ್ನು ಕಿತ್ತುಕೊಂಡು ಹೋದುದು ಬೆಂಗಳೂರಿನ ಹಳಬರ ಬಾಯಲ್ಲಿ ಬಹುಕಾಲ ನಿಂತಿತು. ಕೆಲವು ವರ್ಷಗಳ ತರುವಾಯ ಈ ಪೊಲೀಸ್ ತಂಡವೇ ರಹೀಮರ ಶಿಷ್ಯವರ್ಗವಾಯಿತು.

ಬೆಂಗಳೂರಿನ ಮಾತು ಬಂದುದರಿಂದ ಇನ್ನೊಂದು ವಿಷಯ. ಕಾಲ್ಚೆಂಡಾಟವೆಂದರೆ ಕಲ್ಕತ್ತೆಯೆಂದು ನಮ್ಮ ಜನ ತಿಳಿದಿರುವರು. ಆದರೆ 1891ರಲ್ಲಿ ಮುಂಬಯಿಯಲ್ಲಿ ಪ್ರಾರಂಭವಾಗಿ, ಸೈನ್ಯದ ತಂಡಗಳ ಪಾಲೇ ಆಗಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲು ಗೆದ್ದ ಭಾರತೀಯ ನಾಗರಿಕ ತಂಡವು ಬೆಂಗಳೂರು ಮುಸ್ಲಿಮ್ಸ್. ಮಾರನೆಯ ವರ್ಷವೂ ಅವರೇ ಗೆದ್ದರು. ಪ್ರಾಂತಗಳ ನಡುವಣ ಸಂತೋಷ್ ಟ್ರೋಫಿಯನ್ನು ನಮ್ಮ ಮೈಸೂರು ತಂಡವು 1946-47ರಲ್ಲಿಯೂ 1952-53ರಲ್ಲಿಯೂ ಗೆದ್ದಿತು. ಆದುದರಿಂದ ರಹೀಮರು ಹೈದರಾಬಾದಿನಲ್ಲಿ ನೆಟ್ಟ ಗಿಡಕ್ಕೆ ದಕ್ಷಿಣದ ನೆಲವು ಮೊದಲೇ ಹದವಾಗಿದ್ದಿತು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. ಆ ಪ್ರಾಂತದ ಜನ ಅನೇಕ ಬಗೆಯ ಕಷ್ಟಗಳನ್ನು ಕಂಡ ಕಾಲ ಅದು. ಎರಡು ವರ್ಷಗಳಲ್ಲಿ, 1950ರಲ್ಲಿ, ಸಿಟಿ ಪೊಲೀಸ್ ತಂಡವು ರಹೀಮರ ಶಿಕ್ಷಣದಲ್ಲಿ ಮುಂಬಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದಿತು. 1951ರಲ್ಲಿ ಮತ್ತೆ ಗೆದ್ದಿತು. 1952, 1953, 1954ರಲ್ಲಿಯೂ ಅದರದೇ ಜಯ. ಐದು ವರ್ಷ ಎಡೆಬಿಡದೆ! ದೇಶದ ಅತ್ಯಂತ ಹಳೆಯ ಪಂದ್ಯಾವಳಿಯಾದ ಡ್ಯೂರಾಂಡ್ ಕಪ್ಪೂ ಆ ತಂಡಕ್ಕೆ ಹಲವು ಬಾರಿ ದೊರೆಯಿತು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಹಣವುಳ್ಳವು. ಎಲ್ಲಿ ಒಳ್ಳೆಯ ಆಟಗಾರನಿದ್ದರೂ ಕರೆಸಿಕೊಳ್ಳಬಲ್ಲವು. ರಹೀಮರಿಗೆ ಸಿಕ್ಕುವುದು ಹೈದರಾಬಾದು, ಸಿಕಂದರಾಬಾದುಗಳ ಗಲ್ಲಿಗಳ ಹುಡುಗರು. ಆದುದರಿಂದ ಅವರು ಹುಡುಕುವುದಕ್ಕಿಂತ ತಯಾರಿಸುವುದರಲ್ಲಿ ಹೆಚ್ಚಿನ ಗಮನವನ್ನಿಟ್ಟರು.

ಅವರು ತಯಾರಿಸುತ್ತಿದ್ದ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ನಮಗೆ ಅಪ್ಪಣೆಯಿರಲಿ. ಉಪಾಧ್ಯಾಯಿನಿಯರಾದ ನಮಗೆ ಕಪ್ಪುಗಳಿಗಿಂತ ಇದೇ ಹೆಚ್ಚು ರುಚಿಸುವುದು.

ಪ್ರತಿಯೊಬ್ಬರಿಗೂ ಒಂದು ಕಾಲು ಚುರುಕು, ಇನ್ನೊಂದು ಕಾಲು ಮಂದ. ಆಟಗಾರನು ಸಹಜವಾಗಿ ಚುರುಕಾದ ಕಾಲನ್ನೇ ಬಳಸುವನು; ಚೆಂಡು ಇನ್ನೊಂದು ಪಕ್ಕಕ್ಕೆ ಬಂದಾಗ ದೇಹವನ್ನು ತಿರುಗಿಸಿ, ಆ ಕಾಲಿಗೆ ಒದಗಿಸಿಕೊಂಡು, ಆಮೇಲೆ ಒದೆಯುವನು. ಅಷ್ಟರಲ್ಲಿ ಎದುರಾಳಿ ಬಂದು ಬಿಡುವನು. ಮಂದ ಕಾಲನ್ನು ಅಭ್ಯಾಸ ಮಾಡೆಂದು ಎಷ್ಟು ಬಾರಿ ಹೇಳಿದರೂ ಯಾವ ಹುಡುಗನೂ ಮಾಡುವುದಿಲ್ಲ. ಅಂಕಗಣಿತದಲ್ಲಿ ಹಿಂದಿರುವ ಹುಡುಗಿಯು ಮನೆಯಲ್ಲಿ ಕುಳಿತು ಸಮಾಜಪಾಠವನ್ನೇ ಓದುವಂತೆ! ರಹೀಮರು ಗದರಿಸಲಿಲ್ಲ. ಮಂದ ಕಾಲಿನಿಂದಲೇ ಆಡತಕ್ಕದ್ದು ಎಂಬ ನಿಯಮವಿಟ್ಟು ಪಂದ್ಯಾವಳಿಯನ್ನೇ ಏರ್ಪಡಿಸಿಬಿಟ್ಟರು. ಗೆಲ್ಲಬೇಕೆಂಬ ಹಟವು ಹುಡುಗರಲ್ಲಿ ಮೊದಲೇ ಇದ್ದಿತು. ಆ ಹಟವನ್ನು ಅವರು ಮಂದ ಕಾಲಿಗೆ ಕಟ್ಟಿದರು.

ಹಾಗೆಯೇ ಚೆಂಡನ್ನು ತಾನೊಬ್ಬನೇ ಉರುಳಿಸಿಕೊಂಡು ಹೋಗುವ ಚಟ. ನೋಡುವ ಜನ ಚಪ್ಪಾಳೆ ತಟ್ಟುವುದು ಅದಕ್ಕೇ. ಕೂಡಿ ಆಡುವುದಕ್ಕೆ ಅದೇ ಶತ್ರು. ಇದಕ್ಕಾಗಿ ರಹೀಮರು ಚೆಂಡನ್ನು ಉರುಳಿಸಿಕೊಂಡು ಹೋಗಕೂಡದೆಂಬ ನಿಯಮದ ಪಂದ್ಯಗಳನ್ನು ನಡೆಸಿದರು. ಚೆಂಡು ಬಂದೊಡನೆ ಒಂದೇ ಸ್ಪರ್ಶದಲ್ಲಿ ಜೊತೆಗಾರನಿಗೆ ದಾಟಿಸಬೇಕು. ಆದುದರಿಂದ ಚೆಂಡು ಬರುವ ಮೊದಲೇ ಜೊತೆಗಾರರು ಎಲ್ಲೆಲ್ಲಿ ಇರುವರೆಂದು ತಲೆಯೆತ್ತಿ ನೋಡಿಕೊಂಡಿರಬೇಕು. ಕಾಲಿಗೆ ಕೊಟ್ಟ ಶಿಕ್ಷಣದಂತೆ ಕಂಡರೂ ಇದು ಕಣ್ಣಿಗೂ ಮನಸ್ಸಿಗೂ ಕೊಟ್ಟ ಶಿಕ್ಷಣ. ನಮ್ಮ ಶಾಲೆಯ ಬಯಲಿನಲ್ಲಿ ಥ್ರೋಬಾಲ್ ಆಡುವ ಹುಡುಗಿಯರಿಗೆ ಎಡಗೈ ಪಂದ್ಯವೊಂದನ್ನು ಏರ್ಪಡಿಸಿ ನೋಡಿದೆವು. ಮೊದಲ ದಿನ ಬರಿಯ ನಗು, ಎರಡನೆಯ ವಾರ ಅಭ್ಯಾಸ, ತಿಂಗಳಾದ ಮೇಲೆ ಬಲಗೈಯ ಎಸೆತವೂ ಮೊದಲಿಗಿಂತ ಚೆನ್ನಾಗಿದ್ದಿತು. ರಹೀಮರ ಗುಟ್ಟು ಇಂಥದೆಂದು ಅಂದು ನಮಗೆ ಮನವರಿಕೆಯಾಯಿತು.

ಆಟದ ಶಾಸ್ತ್ರದಲ್ಲಿಯೂ ಅವರಿಗೆ ಹೊಸದರ ಮೇಲೆ ಕಣ್ಣು. ಹಳೆಯ ಪದ್ಧತಿಯಲ್ಲಿ ಗೋಲಿಯ ಮುಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ನಿಲ್ಲುತ್ತಿದ್ದರು. 1925ರಲ್ಲಿ ಆಫ್‌ಸೈಡ್ ನಿಯಮವು ಬದಲಾದ ಮೇಲೆ ಇಂಗ್ಲೆಂಡಿನಲ್ಲಿ ನಡುವಣವನನ್ನು ಹಿಂದಕ್ಕೆಳೆದು ಕಾವಲಿಗೆ ಮೂವರನ್ನು ನಿಲ್ಲಿಸುವ ಕ್ರಮ ಬಂದಿತು. ಭಾರತದಲ್ಲಿ ಬಹುಮಂದಿ ಹಳೆಯದನ್ನೇ ನೆಚ್ಚಿಕೊಂಡಿದ್ದಾಗ ರಹೀಮರು ಹೊಸ ಕ್ರಮವನ್ನು ತಂದು, ತಮ್ಮಲ್ಲಿರುವ ಆಟಗಾರರಿಗೆ ಒಪ್ಪುವಂತೆ ಅದನ್ನು ತಿದ್ದಿದರು. ಮುಂದಾಳುಗಳಲ್ಲಿ ನಡುವಿನವನನ್ನು ಸ್ವಲ್ಪ ಹಿಂದೆ ನಿಲ್ಲಿಸಿ ಎದುರಾಳಿಯ ಕಾವಲುಗಾರನನ್ನು ದಿಕ್ಕುಗೆಡಿಸುವ ಉಪಾಯವೂ ಅವರ ಬಳಿ ಇದ್ದಿತು. ಹಂಗೆರಿಯವರು ಇದೇ ಉಪಾಯದಿಂದ 1953ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿ ಜಗತ್ತನ್ನೇ ಬೆರಗುಗೊಳಿಸಿದರು.

ಇಷ್ಟರಲ್ಲಿ ದೇಶದ ತಂಡದ ಹೊಣೆಯೂ ಅವರಿಗೆ ಬಂದಿದ್ದಿತು. 1951ರ ಮಾರ್ಚಿಯಲ್ಲಿ ಮೊದಲನೆಯ ಏಷ್ಯಾ ಕ್ರೀಡಾಕೂಟವು ದೆಹಲಿಯಲ್ಲಿ ನೆರೆಯಿತು. ಬಂಗಾಳದ ಶೈಲೇನ್ ಮನ್ನಾ ಅವರು ತಂಡದ ನಾಯಕರು. ಇಂಡೊನೇಷಿಯಾವನ್ನು 3-0ರಿಂದಲೂ, ಆಫ್ಘಾನಿಸ್ತಾನವನ್ನು 3-0ರಿಂದಲೂ ಗೆದ್ದು, ಕೊನೆಯ ಪಂದ್ಯದಲ್ಲಿ ಮೇವಾಲಾಲರ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಭಾರತವು ಚಿನ್ನದ ಪದಕವನ್ನು ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನರಿದ್ದರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಇವರೂ ಇನ್ನು ನಾಲ್ವರು ಮುಂದಾಳುಗಳೂ ಸೇರಿ ಆಡುತ್ತಿದ್ದ ಸೊಗಸಿಗೆ ಬಂಗಾಳದ ಜನ ಅವರನ್ನು ಪಂಚಪಾಂಡವರೆಂದು ಕರೆಯುತ್ತಿದ್ದರು. ಪಾಂಡವಪುರದ ನಮ್ಮ ನೆರೆಯವರಿಗೆ ಇದನ್ನು ತಿಳಿಸಲು ನಮಗೆ ಸಂತೋಷ!

ಮಾರನೆಯ ವರ್ಷವೇ ಗರ್ವಭಂಗವಾಯಿತು. 1952ರ ಜುಲೈ ತಿಂಗಳಿನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದಲ್ಲಿ ಒಲಿಂಪಿಕ್ ಕೂಟ. ಯುಗೋಸ್ಲಾವಿಯಾದ ಎದುರಿಗೆ ಭಾರತವು 10-1ರಿಂದ ಸೋತಿತು. ನಮ್ಮವರಲ್ಲಿ ಹಲವರು ಇನ್ನೂ ಬರಿಗಾಲಿನಲ್ಲಿ ಆಡುತ್ತಿದ್ದರು. ಒಣಗಿದ ನೆಲದಲ್ಲಿ ಬರಿಗಾಲಿಗೆ ಚೆಂಡು ಹೇಳಿದಂತೆ ಕೇಳುವುದು ನಿಜ. ಉತ್ತರ ದೇಶದ ಚಳಿಯಲ್ಲಿ, ತೇವದ ಹುಲ್ಲಿನ ಮೇಲೆ, ಬೂಟು ತೊಟ್ಟ ಬಲಿಷ್ಠರ ನಡುವೆ ಆ ಕಾಲೇ ಶತ್ರುವಾಗುವುದು. ನಮ್ಮ ಕಡೆಯ ಆ ಒಂದು ಗೋಲು ಆಟವು ಮುಗಿಯುತ್ತ ಬಂದಾಗ ಅಹಮದ್ ಖಾನರಿಂದ ಆಯಿತು. ಈ ಸೋಲಿನ ತರುವಾಯ ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆಯು ಬೂಟನ್ನು ಕಡ್ಡಾಯ ಮಾಡಿತು. ಹತ್ತು ಗೋಲುಗಳಿಂದ ಸೋತ ತಂಡದ ಶಿಕ್ಷಕರನ್ನು ಜನ ಮರೆತುಬಿಡುವುದು ಸಾಧಾರಣ. ರಹೀಮರು ಹೈದರಾಬಾದಿಗೆ ಹಿಂದಿರುಗಿ ಮತ್ತೆ ತಮ್ಮ ಪೊಲೀಸ್ ತಂಡದೊಡನೆ ಬಯಲಿಗಿಳಿದರು. ಆ ವರ್ಷದ ರೋವರ್ಸ್ ಕಪ್ಪೂ ಅವರದಾಯಿತೆಂಬುದನ್ನು ಮೇಲೆ ಹೇಳಿರುವೆವು.

ನಾಲ್ಕು ವರ್ಷಗಳ ಮೇಲೆ, 1956ರ ಕೊನೆಯಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಒಲಿಂಪಿಕ್ ಕೂಟ ಸೇರಿತು. ಈ ತಂಡಕ್ಕೆ ಆಟಗಾರರನ್ನು ಆರಿಸುವಾಗ ರಹೀಮರ ಕಣ್ಣಿಗೆ ಬಿದ್ದವರಲ್ಲಿ ಸಿಕಂದರಾಬಾದಿನ ಬಡ ಮನೆಯ ತುಳಸೀದಾಸ್ ಬಲರಾಮ್ ಎಂಬ ಇಪ್ಪತ್ತು ವರ್ಷದ ಹುಡುಗನೊಬ್ಬನು. ಹೈದರಾಬಾದಿನವರೆಗೆ ಅಭ್ಯಾಸಕ್ಕೆ ಬರಲು ಅವನ ಬಳಿ ಹಣವಿರಲಿಲ್ಲ. ಬಾಡಿಗೆ ಸೈಕಲ್ಲಿಗೆ ಬೇಕಾದ ಹಣವನ್ನು ರಹೀಮರೇ ಕೊಟ್ಟು ಅವನನ್ನು ಬರಮಾಡಿಕೊಂಡರೆಂದು ಹೇಳುವರು. ಮುಂದೆ ಬಲರಾಮರು ಭಾರತದ ಅತ್ಯುತ್ತಮ ಮುಂದಾಳುಗಳಲ್ಲೊಬ್ಬರೆಂದು ಹೆಸರಾದರು. ಬಾಡಿಗೆ ಸೈಕಲ್ಲಿನ ಹಣ ಎಷ್ಟು ಅಲ್ಪ! ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅಕ್ಕಪಕ್ಕದ ಹಳ್ಳಿಗಳಿಂದ ಗೋವಿಂದನಹಳ್ಳಿಗೆ ಬಸ್ಸಿನ ಚಾರ್ಜಿಲ್ಲದೆ ನಡೆದು ಬಂದವರಿರುವರು. ಅವರಿಗೆ ಇದರ ಬೆಲೆ ತಿಳಿಯುವುದು.

ಮೆಲ್ಬರ್ನಿನಲ್ಲಿ ನಮ್ಮ ಮೊದಲ ಎದುರಾಳಿಯಾಗಬೇಕಾಗಿದ್ದ ಹಂಗೆರಿಯು ಬರಲಿಲ್ಲ. ಆ ದೇಶವು ಆಗ ಬಂಡಾಯದಲ್ಲಿಯೂ ರಕ್ತಪಾತದಲ್ಲಿಯೂ ಮುಳುಗಿದ್ದಿತು. ಎರಡನೆಯದು ಆಸ್ಟ್ರೇಲಿಯಾದ ಮೇಲೆ, ಅವರದೇ ನೆಲದಲ್ಲಿ, ಡಿಸೆಂಬರ್ 1ನೆಯ ತಾರೀಖಿನ ದಿನ. ಭಾರತವು 4-2ರಿಂದ ಗೆದ್ದಿತು. ಮುಂಬಯಿಯ ನೆವಿಲ್ ಡಿಸೋಜರು ಮೂರು ಗೋಲುಗಳನ್ನು ಹೊಡೆದರು. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಏಷ್ಯಾದವರಲ್ಲಿ ಅವರೇ ಮೊದಲಿಗರು. ನಾಲ್ಕನೆಯದು ಕಿಟ್ಟು ಎಂದು ಎಲ್ಲರೂ ಕರೆಯುತ್ತಿದ್ದ ಕೃಷ್ಣಸ್ವಾಮಿಯವರದು. ಉಪಾಂತ್ಯದ ಪಂದ್ಯಕ್ಕೆ ಏರಿದ ಏಷ್ಯಾದ ಮೊದಲ ದೇಶವೆಂಬ ಕೀರ್ತಿ ಭಾರತಕ್ಕೆ ಬಂದಿತು.

ಅಲ್ಲಿ ಎದುರಾದವರು ಅದೇ ಯುಗೋಸ್ಲಾವಿಯಾದವರು. ಮೊದಲರ್ಧದಲ್ಲಿ ಯಾರಿಗೂ ಗೋಲಿಲ್ಲ. ಎರಡನೆಯ ಅರ್ಧದ ಪ್ರಾರಂಭದಲ್ಲಿ ಡಿಸೋಜರು ಗೋಲು ಹೊಡೆದು ಭಾರತವನ್ನು ಮುಂದೆ ನಿಲ್ಲಿಸಿದರು. ನಾಲ್ಕು ವರ್ಷದ ಹಿಂದೆ ಹತ್ತು ಗೋಲು ಹೊಡೆದವರ ಎದುರಿಗೆ! ಆದರೆ ಐದು ನಿಮಿಷಗಳೊಳಗೆ ಅವರು ಎರಡು ಗೋಲುಗಳನ್ನು ಹಿಂದಿರುಗಿಸಿದರು. ಕೊನೆಗೆ 4-1ರಿಂದ ಗೆದ್ದರು. ಕಂಚಿನ ಪದಕದ ಪಂದ್ಯದಲ್ಲಿಯೂ ಬಲ್ಗೇರಿಯಾಕ್ಕೆ 3-0ರಿಂದ ಸೋತು ಭಾರತವು ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಅದಕ್ಕಿಂತ ಮೇಲಿನ ಸ್ಥಾನವು ಭಾರತದ ಕಾಲ್ಚೆಂಡಾಟಕ್ಕೆ ಒಲಿಂಪಿಕ್ಕಿನಲ್ಲಿ ಇದುವರೆಗೂ ದೊರೆತಿಲ್ಲ.

1960ರ ರೋಮ್ ಕೂಟವನ್ನು ಸಂಕ್ಷೇಪವಾಗಿ ಹೇಳಬಹುದು. ಹಂಗೆರಿಗೆ 2-1ರಿಂದ ಸೋಲು, ಫ್ರಾನ್ಸಿನೊಡನೆ 1-1ರ ಸಮ, ಪೆರು ದೇಶಕ್ಕೆ 3-1ರಿಂದ ಸೋಲು. ಅಂಕಗಳನ್ನು ಮಾತ್ರ ನೋಡುವವರಿಗೆ ಇದು ಸಾಧಾರಣ. ಆದರೆ ಹಂಗೆರಿಯು ಆ ವರ್ಷ ಕಂಚಿನ ಪದಕವನ್ನು ಪಡೆದ ತಂಡ, ಫ್ರಾನ್ಸು ಸೋಲಿನಿಂದ ತಪ್ಪಿಸಿಕೊಂಡುದು ಕೊನೆಯ ಕೆಲವು ನಿಮಿಷಗಳಲ್ಲಿ. ಆ ತಂಡದಲ್ಲಿ ರಹೀಮರ ಮಗ ಸೈಯದ್ ಶಾಹಿದ್ ಹಕೀಮರೂ ಇದ್ದರು. ಆದರೆ ಆಡಲು ಅವರಿಗೆ ಅವಕಾಶ ದೊರೆಯಲಿಲ್ಲ. ತಂದೆಯೇ ಶಿಕ್ಷಕರಾಗಿದ್ದರೂ ಮಗನು ಕಟ್ಟೆಯ ಮೇಲೆ ಕುಳಿತು ನೋಡಿದನು. ಇದನ್ನು ಪೋಷಕರು ಗಮನಿಸಬೇಕೆಂದು ನಾವು ವಿಶೇಷವಾಗಿ ಬಯಸುವೆವು.

ಈಗ 1962ರ ಜಕಾರ್ತಾಕ್ಕೆ ಬರೋಣ. ಈ ಹೊತ್ತಿಗೆ ರಹೀಮರ ದೇಹವು ಕೃಶವಾಗಿದ್ದಿತು. ಅವರು ಬಹಳವಾಗಿ ಸಿಗರೇಟು ಸೇದುತ್ತಿದ್ದವರು. ಇತರರ ದೇಹವನ್ನು ಅಷ್ಟು ಎಚ್ಚರದಿಂದ ತಿದ್ದಿದವರು ತಮ್ಮ ದೇಹದ ವಿಷಯದಲ್ಲಿ ಆ ಎಚ್ಚರವನ್ನು ತೋರಿಸಲಿಲ್ಲ. ದೊಡ್ಡವರ ಚರಿತ್ರೆಯನ್ನು ಬರೆಯುವಾಗ ಇಂಥದನ್ನು ಮುಚ್ಚಿಡುವುದು ನಮಗೆ ಸರಿಯೆಂದು ತೋರುವುದಿಲ್ಲ. ಪುಪ್ಪುಸದ ಕ್ಯಾನ್ಸರ್ ರೋಗವು ಅವರನ್ನು ಹಿಡಿದಿದ್ದಿತು. ಅಂಥ ಸ್ಥಿತಿಯಲ್ಲಿಯೇ ಅವರು ತಂಡವನ್ನು ಕರೆದುಕೊಂಡು ಹೊರಟರು.

ಚುನೀ ಗೋಸ್ವಾಮಿಯವರು ನಾಯಕರು. ಪಿ. ಕೆ. ಬ್ಯಾನರ್ಜಿ, ಬಲರಾಮ್, ಗೋಲ್ ಕೀಪರ್ ಪೀಟರ್ ತಂಗರಾಜ್, ಪಂಜಾಬಿನ ಬಲಭೀಮನಂಥ ಜರ್ನೈಲ್ ಸಿಂಗ್, ಅರುಣ್ ಘೋಷ್ ಮುಂತಾದವರು ಜೊತೆಯಲ್ಲಿದ್ದರು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾಕ್ಕೆ 2-0ರಿಂದ ಸೋಲು. ಮುಂದೆ ಥಾಯ್ಲೆಂಡನ್ನು 4-1ರಿಂದ ಗೆದ್ದರೂ, ಆ ಪಂದ್ಯದಲ್ಲಿ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಜಪಾನಿನ ಪಂದ್ಯದಲ್ಲಿ ಅವರು ಆಡಲಿಲ್ಲ. ಭಾರತವು 2-0ರಿಂದ ಗೆದ್ದಿತು.

ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಂ. ಕಾವಲುಗಾರರಾದ ಜರ್ನೈಲರಿಗೆ ತಲೆಯ ಗಾಯವಿನ್ನೂ ಮಾಗಿಲ್ಲ. ಗಾಯಗೊಂಡವನನ್ನು ಕಾವಲಿಗೆ ನಿಲ್ಲಿಸಿದರೆ ಎದುರಾಳಿಯು ಅದೇ ಕಡೆಯಿಂದ ನುಗ್ಗುವನು. ಬೇರೆಯವರಾಗಿದ್ದರೆ ಅವರನ್ನು ಹೊರಗೆ ಕೂರಿಸುತ್ತಿದ್ದರು. ರಹೀಮರು ಅವರನ್ನು ಮುಂದಕ್ಕೆ ತಂದು, ಮುಂದಾಳುಗಳ ನಟ್ಟನಡುವೆ ನಿಲ್ಲಿಸಿದರು. ಆ ಕಟ್ಟುಮಸ್ತಾದ ದೇಹ, ಆ ಎತ್ತರ, ತಲೆಗೆ ಕಟ್ಟಿದ ಬಟ್ಟೆ: ಎದುರಾಳಿಗಳು ಇವರನ್ನು ಹೇಗೆ ತಡೆಯಬೇಕೆಂದು ತಿಳಿಯದೆ ಹೋದರು. ಗೋಸ್ವಾಮಿಯವರ ಎರಡು ಗೋಲು, ಜರ್ನೈಲರ ಒಂದು. 3-2ರಿಂದ ಭಾರತಕ್ಕೆ ಜಯ. ದುರ್ಬಲವಾದ ಅಂಗವನ್ನು ದೂರವಿಡದೆ ಅದಕ್ಕೆ ಹೊಸ ಕೆಲಸವನ್ನು ಕೊಡುವ ಈ ಯುಕ್ತಿಯು ಚಾದರಘಾಟಿನ ಬಯಲಿನಿಂದ ಬಂದುದೆಂದು ನಾವು ಭಾವಿಸುವೆವು.

ಸೆಪ್ಟೆಂಬರ್ 4ನೆಯ ತಾರೀಖು ಕೊನೆಯ ಪಂದ್ಯ. ಎದುರಾಳಿ ಮತ್ತೆ ದಕ್ಷಿಣ ಕೊರಿಯಾ. ಅದರ ಹಿಂದಿನ ದಿನಗಳು ಕೆಟ್ಟವಾಗಿದ್ದುವು. ಇಂಡೊನೇಷಿಯಾ ಸರ್ಕಾರವು ಇಸ್ರೇಲ್ ಮತ್ತು ತೈವಾನ್ ದೇಶಗಳ ಆಟಗಾರರಿಗೆ ಪ್ರವೇಶವನ್ನು ಕೊಡಲಿಲ್ಲ. ಹೀಗೆ ಕೆಲವರನ್ನು ಹೊರಗಿಟ್ಟ ಕೂಟವನ್ನು ಏಷ್ಯಾ ಕೂಟವೆಂದು ಕರೆಯುವುದು ಸರಿಯಲ್ಲವೆಂದು ಭಾರತದ ಪ್ರತಿನಿಧಿ ಗುರುದತ್ತ ಸೋಂಧಿಯವರು ವಾದಿಸಿದರು. ಇದರಿಂದ ಅಲ್ಲಿನ ಜನ ಕೆರಳಿ, 3ನೆಯ ತಾರೀಖಿನ ದಿನ ಭಾರತದ ರಾಯಭಾರ ಕಛೇರಿಯ ಮೇಲೆ ನುಗ್ಗಿದರು. ವಾದ ಮಾಡಿದವರು ಒಬ್ಬರು, ಅದರ ಫಲವನ್ನು ಉಣ್ಣಬೇಕಾದವರು ಹನ್ನೊಂದು ಮಂದಿ ಆಟಗಾರರು. ಪಂದ್ಯದ ದಿನ ಸೆನಾಯನ್ ಕ್ರೀಡಾಂಗಣದಲ್ಲಿ ಲಕ್ಷದಷ್ಟು ಜನ ಸೇರಿ ಭಾರತದ ತಂಡವನ್ನು ಕೂಗಿ ಅಣಕಿಸುತ್ತಿದ್ದರು. ಆ ಜನಸಮುದ್ರದಲ್ಲಿ ಭಾರತಕ್ಕೆ ಚಪ್ಪಾಳೆ ತಟ್ಟಿದವರು ಪಾಕಿಸ್ತಾನದ ಹಾಕಿ ಆಟಗಾರರೆಂದು ನಮ್ಮ ಆಟಗಾರರು ಮುಂದೆ ಕೃತಜ್ಞತೆಯಿಂದ ನೆನೆಯುತ್ತಿದ್ದರು.

ಹಿಂದಿನ ರಾತ್ರಿ ರಹೀಮರು ಆಟಗಾರರನ್ನು ಹತ್ತಿರ ಕುಳ್ಳಿರಿಸಿಕೊಂಡು ತಮಗೆ ಒಂದು ಕಾಣಿಕೆ ಬೇಕೆಂದೂ, ಆ ಕಾಣಿಕೆಯು ಚಿನ್ನದ ಪದಕವೇ ಆಗಿರಬೇಕೆಂದೂ ಕೇಳಿಕೊಂಡರೆಂದು ಪ್ರತೀತಿಯಿದೆ. ತಮ್ಮ ಗುರುವಿನ ದೇಹಸ್ಥಿತಿಯು ಅವರ ಕಣ್ಣಮುಂದೆಯೇ ಇದ್ದಿತು.

ಜ್ವರದಿಂದ ಮಲಗಿದ್ದ ತಂಗರಾಜರು ಎದ್ದು ಬಂದು ಗೋಲಿಯನ್ನು ಕಾದರು. ಜರ್ನೈಲರು ಮತ್ತೆ ಮುಂದಾಳುಗಳ ನಡುವೆ ನಿಂತರು. ಹದಿನೇಳನೆಯ ನಿಮಿಷದಲ್ಲಿ ಬ್ಯಾನರ್ಜಿಯವರು ಗೋಲು ಹೊಡೆದರು. ಇಪ್ಪತ್ತನೆಯದರಲ್ಲಿ ಜರ್ನೈಲ್ ಸಿಂಗರು. ಆಮೇಲೆ ಒಂದು ಗಂಟೆಗೂ ಮಿಕ್ಕಿದ ಕಾಲ ಕೊರಿಯಾದವರ ದಾಳಿಯನ್ನು ತಡೆದು ನಿಲ್ಲಬೇಕಾಗಿದ್ದಿತು. ಮುಗಿಯಲು ಐದು ನಿಮಿಷವಿದೆಯೆನ್ನುವಾಗ ಅವರಿಗೆ ಒಂದು ಗೋಲು ಸಿಕ್ಕಿತು. ಎರಡನೆಯದು ಸಿಕ್ಕಲಿಲ್ಲ. 2-1ರಿಂದ ಪದಕವು ಭಾರತದ್ದಾಯಿತು. ಅಣಕಿಸುತ್ತಿದ್ದ ಅದೇ ಜನರ ಮುಂದೆ ನಮ್ಮ ರಾಷ್ಟ್ರಗೀತೆಯು ನುಡಿಯಿತು. ಆ ತಂಡದೊಡನೆ ಬೆಂಗಳೂರಿನ ಅರುಮೈನಾಯಗಂ ಅವರೂ ಚಿನ್ನವನ್ನು ತಂದರೆಂಬುದನ್ನು ನಮ್ಮ ನಾಡಿನವರು ನೆನಪಿಡಬೇಕು.

ಹಿಂದಿರುಗಿದ ಮೇಲೆ ರಹೀಮರ ರೋಗವು ಉಲ್ಬಣಿಸಿತು. ಕೊನೆಯ ತಿಂಗಳುಗಳನ್ನು ಅವರು ಹಾಸಿಗೆಯಲ್ಲಿಯೇ ಕಳೆದರು. 1963ನೆಯ ಇಸವಿ ಜೂನ್ 11ನೆಯ ತಾರೀಖಿನಲ್ಲಿ, ಐವತ್ತುನಾಲ್ಕು ವರ್ಷಗಳು ತುಂಬುವುದಕ್ಕೆ ಮುಂಚೆಯೇ, ಹೈದರಾಬಾದಿನಲ್ಲಿ ತೀರಿಕೊಂಡರು. ಜಕಾರ್ತಾದ ಪಂದ್ಯವಾಗಿ ಆಗ ಒಂಬತ್ತು ತಿಂಗಳು. ಆಟದ ಶಿಕ್ಷಕರಿಗೆಂದು ಭಾರತ ಸರ್ಕಾರವು ದ್ರೋಣಾಚಾರ್ಯ ಪ್ರಶಸ್ತಿಯನ್ನು ಏರ್ಪಡಿಸಿದುದು 1985ರಲ್ಲಿ, ಎಂದರೆ ಅವರು ಹೋಗಿ ಇಪ್ಪತ್ತೆರಡು ವರ್ಷಗಳಾದ ಮೇಲೆ.

ಅವರ ತರುವಾಯ ಭಾರತವು 1970ರ ಬ್ಯಾಂಕಾಕ್ ಏಷ್ಯಾ ಕೂಟದಲ್ಲಿ ಕಂಚನ್ನು ಪಡೆಯಿತು. ಪುರುಷರ ಕಾಲ್ಚೆಂಡಾಟದಲ್ಲಿ ಏಷ್ಯಾ ಕೂಟದ ಚಿನ್ನವು 1962ರಿಂದ ಈಚೆಗೆ ಮರಳಿ ಬಂದಿಲ್ಲ. ಅವರ ಶಿಷ್ಯರಲ್ಲಿ ಬ್ಯಾನರ್ಜಿಯವರೂ, ಮಗ ಹಕೀಮರೂ ಮುಂದೆ ತಾವೇ ಆಟದ ಶಿಕ್ಷಕರಾದರು. ನಮ್ಮ ಅಹಮದ್ ಖಾನರು 2017ರಲ್ಲಿ ತೊಂಬತ್ತರ ವಯಸ್ಸಿನಲ್ಲಿ ಕಾಲವಾದರು. ಬ್ಯಾನರ್ಜಿಯವರೂ ಗೋಸ್ವಾಮಿಯವರೂ 2020ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ ಹೋದರು. ಹಕೀಮರು 2021ರಲ್ಲಿ. 2023ರ ಫೆಬ್ರುವರಿಯಲ್ಲಿ ತುಳಸೀದಾಸ್ ಬಲರಾಮರು ತೀರಿಕೊಂಡರು. ಮಾರನೆಯ ವರ್ಷ ರಹೀಮರ ಜೀವಿತವನ್ನು ಕುರಿತು ಹಿಂದೀ ಭಾಷೆಯಲ್ಲಿ ಮೈದಾನ್ ಎಂಬ ಚಲನಚಿತ್ರವು ಬಂದು, ನಮ್ಮ ಹುಡುಗಿಯರಲ್ಲಿ ಕೆಲವರು ಅದನ್ನು ಮನೆಯವರೊಡನೆ ನೋಡಿದರು. ನೋಡಿ ಬಂದ ಒಬ್ಬಳು, ಇವರು ಶಾಲೆಯ ಮೇಷ್ಟರಾಗಿದ್ದುದು ನಿಜವೇ ಎಂದು ನಮ್ಮನ್ನು ಕೇಳಿದಳು. ಈ ಪುಟಗಳನ್ನು ಬರೆಯಲು ಅವಳ ಪ್ರಶ್ನೆಯೇ ಕಾರಣ. ಆ ನಾಲ್ಕು ಶಾಲೆಗಳ ಹೆಸರನ್ನು ಮೇಲೆ ಬಿಡದೆ ಬರೆದಿರುವುದೂ ಅವಳಿಗಾಗಿಯೇ.